ಹದಿಹರೆಯದ ಮಕ್ಕಳು ಮತ್ತು ಮನೆಯ ಮಾತು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಟ್ರಸ್ಟಿನ ಅಧ್ಯಕ್ಷರೇ, ಸಮಿತಿಯ ಹಿರಿಯರೇ, ತಮ್ಮ ಜಕಾತ್ ಮತ್ತು ಸದಕಾದ ಹಣವನ್ನು ನಂಬಿ ಈ ಕೆಲಸಕ್ಕೆ ಒಪ್ಪಿಸಿದ ದಾನಿಗಳೇ, ದೇವದುರ್ಗ, ಮಾನ್ವಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ತಾಯಂದಿರೇ, ತಂದೆಯವರೇ, ದಾದಿ-ನಾನಿಯರೇ, ಮತ್ತು ಹಿಂದಿನ ಸಾಲಿನಲ್ಲಿ ಕುಳಿತು ಈ ಭಾಷಣ ಯಾವಾಗ ಮುಗಿಯುತ್ತದೆ ಎಂದು ನೋಡುತ್ತಿರುವ ಮಕ್ಕಳೇ,

ನಮಗೆ ಕೊಟ್ಟ ವಿಷಯ: ಹದಿಹರೆಯದ ಮಕ್ಕಳ ನಡವಳಿಕೆ ಮತ್ತು ಮನಸ್ಸಿನ ಆರೋಗ್ಯದ ಮೇಲೆ ತಂದೆತಾಯಿಯರ ಹಾಗೂ ಮನೆಯ ಸಂಬಂಧಗಳ ಪ್ರಭಾವ. ಕೇಳಿದ ಕೂಡಲೇ ನಮ್ಮ ಬಿ.ಎಡ್. ದಿನಗಳು ನೆನಪಾದವು. ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಇದು ಹತ್ತು ಅಂಕದ ಪ್ರಶ್ನೆ. ಸ್ಟ್ಯಾನ್ಲಿ ಹಾಲ್ ಎಂಬ ಅಮೆರಿಕದ ವಿದ್ವಾಂಸರು 1904ರಲ್ಲಿ ಹದಿಹರೆಯದ ಬಗ್ಗೆ ದೊಡ್ಡ ಗ್ರಂಥ ಬರೆದರು, ಈ ವಯಸ್ಸನ್ನು ಬಿರುಗಾಳಿಯ ಕಾಲವೆಂದು ಕಂಡರು ಎಂದು ಶುರು ಮಾಡಿ ನಾಲ್ಕು ಪುಟ ತುಂಬಿಸಿದರೆ ಒಳ್ಳೆಯ ಅಂಕ ಬರುತ್ತಿತ್ತು. ನಾವೂ ತುಂಬಿಸಿದೆವು, ನಮಗೂ ಬಂತು. ಆ ಬಿರುಗಾಳಿ ಮಗುವಿನ ಒಳಗಿನದೋ, ಮನೆಯ ಒಳಗಿನದೋ ಎಂಬ ಪ್ರಶ್ನೆ ಆಗ ನಮಗೆ ಹೊಳೆಯಲಿಲ್ಲ. ಹೊಳೆಯಲು ಮೂವತ್ತೆರಡು ವರ್ಷ ತರಗತಿಯಲ್ಲಿ ನಿಲ್ಲಬೇಕಾಯಿತು.

ಇಲ್ಲಿರುವ ಹೆಚ್ಚಿನವರ ಮನೆಮಾತು ದಖನಿ. ಆದರೂ ಕನ್ನಡದಲ್ಲಿ ಮಾತಾಡುತ್ತೇವೆ. ಈ ಮಾತುಗಳು ವರದಿಯಲ್ಲಿ ಅಚ್ಚಾಗುತ್ತವಂತೆ. ಮನೆಯಲ್ಲಿ ಅದನ್ನು ಓದಿ ಹೇಳುವವರು ಮಕ್ಕಳೇ, ಅವರಿಗೆ ಸಲೀಸಾಗಿ ಓದಲು ಬರುವುದು ಕನ್ನಡ. ಮಕ್ಕಳೇ, ಓದಿ ಹೇಳುವಾಗ ನಿಮಗೆ ಅನುಕೂಲವಾದ ಸಾಲುಗಳನ್ನಷ್ಟೇ ಆರಿಸಿ ಓದಬೇಡಿ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದಿನ ಮಾತು. ರಾಯಚೂರು ನಗರದ ಹುಡುಗ. ಹೆಸರು, ಓಣಿ ಬೇಡ. ತಂದೆ ಗಂಜಿನಲ್ಲಿ ಹಮಾಲಿ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದು ಅವನಿಗೆ ಇಂಥದೇ ಒಂದು ಸಂಸ್ಥೆಯ ವಿದ್ಯಾರ್ಥಿವೇತನ ಸಿಕ್ಕಿತು. ವೇದಿಕೆಯ ಮೇಲೆ ಅವನ ಬೆನ್ನು ತಟ್ಟಿ, "ಬೇಟಾ, ನಮ್ಮೆಲ್ಲರ ಮರ್ಯಾದೆ ನಿನ್ನ ಕೈಯಲ್ಲಿದೆ" ಎಂದವರು ನಾವೇ. ಸಭೆ ಚಪ್ಪಾಳೆ ತಟ್ಟಿತು.

ಮರುವರ್ಷ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಹತ್ತೊಂಬತ್ತು ಬಂತು. ಪ್ರಗತಿಪತ್ರಕ್ಕೆ ತಂದೆಯ ಸಹಿ ಮಾಡಿಸಿಕೊಂಡು ಬಾ ಎಂದು ಕಳಿಸಿದೆವು. ಮರುದಿನ ಸಹಿ ಬಂತು. ಅವನ ತಂದೆ ಉರ್ದುವಿನಲ್ಲಿ ಸಹಿ ಮಾಡುವವರು, ಅಕ್ಷರ ಅಕ್ಷರಕ್ಕೂ ಪೆನ್ನು ಎತ್ತಿ ಇಡುವವರು. ಈ ಸಹಿ ಬಹಳ ಚೆನ್ನಾಗಿತ್ತು, ಅದರಿಂದಲೇ ಸಿಕ್ಕಿಬಿದ್ದ. ತಂದೆಯನ್ನು ಕರೆಸಿದೆವು. ಅರ್ಧ ದಿನದ ಕೂಲಿ ಬಿಟ್ಟು, ಹೆಗಲ ಮೇಲೆ ಹತ್ತಿಯ ಎಳೆ ಅಂಟಿಕೊಂಡಿದ್ದಂತೆಯೇ ಬಂದರು. ನಮಗೆ ಒಂದು ಮಾತೂ ಆಡಲಿಲ್ಲ. ಐದು ಜನ ಶಿಕ್ಷಕರ ಎದುರು ಮಗನಿಗೆ ಹೊಡೆದರು. "ಮಂದಿ ರೊಕ್ಕ ತಿಂದು ಹಿಂಗ ಮಾಡ್ತಿಯಾ?" ಎಂದರು. ನಾವು ತಡೆಯಲಿಲ್ಲ. ಬುದ್ಧಿ ಬರಲಿ ಎಂದುಕೊಂಡೆವು. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳುತ್ತದೆ. ಅದರ ಬಗ್ಗೆ ತರಬೇತಿ ಪಡೆದು ಬಂದವರು ನಾವು. ನಮ್ಮ ಕೈಯಿಂದ ಏಟು ಬೀಳಲಿಲ್ಲ ಎಂಬ ಸಮಾಧಾನದಲ್ಲಿ ಸುಮ್ಮನೆ ಕುಳಿತಿದ್ದೆವು.

ಅವತ್ತು ರಾತ್ರಿ ಹುಡುಗ ಮನೆಗೆ ಬರಲಿಲ್ಲ.

ಹನ್ನೊಂದು ದಿನ. ಅವನ ತಾಯಿ ದಿನಾ ಬೆಳಿಗ್ಗೆ ಶಾಲೆಯ ಗೇಟಿಗೆ ಬಂದು ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ, ಹುಡುಗರು ಒಬ್ಬೊಬ್ಬರಾಗಿ ಒಳಗೆ ಹೋಗುವುದನ್ನು ನೋಡಿ, ಗಂಟೆ ಬಾರಿಸಿದ ಮೇಲೆ ಹೋಗುತ್ತಿದ್ದರು. ತಂದೆ ಕೆಲಸ ಬಿಟ್ಟು ವಾಡಿ, ಯಾದಗಿರಿ, ಮಂತ್ರಾಲಯ ರೋಡ್, ಆದೋನಿ ಎಂದು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಅಲೆದರು. ಕೊನೆಗೆ ನಮ್ಮೂರಿನ ಲಾರಿ ಚಾಲಕರೊಬ್ಬರು ಗುಂತಕಲ್ಲಿನಲ್ಲಿ ಚಹಾ ಕುಡಿಯಲು ನಿಂತಾಗ, ಹಿಂದೆ ಗ್ಲಾಸು ತೊಳೆಯುತ್ತಿದ್ದ ಹುಡುಗನನ್ನು ಗುರುತು ಹಿಡಿದರು. ಅಲ್‌ಹಮ್ದುಲಿಲ್ಲಾಹ್, ಜೀವಂತ ಸಿಕ್ಕ. ಆ ವರ್ಷ ಗಣಿತದಲ್ಲಿ ಫೇಲಾದ, ಪೂರಕ ಪರೀಕ್ಷೆಯಲ್ಲಿ ಪಾಸಾದ, ಐಟಿಐ ಮಾಡಿದ. ಈಗ ಶಕ್ತಿನಗರದ ಕಡೆ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಾನೆ.

ಬಹಳ ತಿಂಗಳಾದ ಮೇಲೆ ಒಂದು ದಿನ ಕೇಳಿದೆವು: "ಯಾಕೆ ಬೇಟಾ, ಹತ್ತೊಂಬತ್ತು ಬಂತು ಅಂತ ಮನೆಯಲ್ಲಿ ಹೇಳಬಹುದಿತ್ತಲ್ಲ?" ಅವನು ಹೇಳಿದ: "ಹೇಳೋಕೆ ಯಾರೂ ಇರಲಿಲ್ಲ ಟೀಚರ್." ಅವನ ಮನೆಯಲ್ಲಿ ಏಳು ಜನ. ಶಾಲೆಯಲ್ಲಿ ನಾವು ಹದಿನಾಲ್ಕು ಶಿಕ್ಷಕರು. ಜೊತೆಗೆ ವಿದ್ಯಾರ್ಥಿವೇತನ ಕೊಟ್ಟ ಹಿರಿಯರು. ಇಷ್ಟು ಜನರ ನಡುವೆ ಒಂದು ಕೆಟ್ಟ ಸುದ್ದಿಯನ್ನು ಇಡಲು ಅವನಿಗೆ ಜಾಗ ಸಿಗಲಿಲ್ಲ.

ಇವತ್ತು ನಾವು ಆಡಲು ಬಂದಿರುವುದು ಈ ಒಂದು ಮಾತನ್ನೇ. ನಿಮ್ಮ ಮನೆಯಲ್ಲಿ ಮಗು ಒಳ್ಳೆಯ ಸುದ್ದಿ ಹೇಳುತ್ತದೆಯೇ ಎಂದು ನಾವು ಕೇಳುವುದಿಲ್ಲ. ಅದನ್ನು ಎಲ್ಲರೂ ಹೇಳುತ್ತಾರೆ. ಕೆಟ್ಟ ಸುದ್ದಿ ಹೇಳುತ್ತದೆಯೇ?

ಆ ತಂದೆ ಕೆಟ್ಟವರೆಂದು ಯಾರೂ ತಿಳಿಯಬೇಡಿ. ಹನ್ನೊಂದು ದಿನ ಊಟ ನಿದ್ದೆ ಬಿಟ್ಟು ಹುಡುಕಿದವರು ಅವರು. ಆಮೇಲೆ ಒಮ್ಮೆ ನಮ್ಮೆದುರು ಕುಳಿತು, "ನಮ್ಮ ಅಬ್ಬಾ ನಮಗೆ ಹಿಂಗೇ ಮಾಡ್ತಿದ್ರು, ಬೇರೆ ಥರ ಮಾತಾಡೋದು ನಮಗೆ ಬರಂಗಿಲ್ಲ" ಎಂದರು. ನಿಜ. ಮೂಟೆ ಹೊರುವುದನ್ನು ಯಾರೋ ಕಲಿಸಿದರು, ಮಗನ ಜೊತೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ. ಅದು ತನ್ನಷ್ಟಕ್ಕೆ ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ.

ಪುಸ್ತಕದ ಮಾತು ಸ್ವಲ್ಪ ಹೇಳುತ್ತೇವೆ, ಶಿಕ್ಷಕಿಯ ಚಟ, ಕ್ಷಮಿಸಿ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಡಯಾನಾ ಬೌಮ್‌ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ತಂದೆತಾಯಿಯರಲ್ಲಿ ಮೂರು ಬಗೆ ಗುರುತಿಸಿದರು. ಹೇಳಿದ್ದೇ ಆಗಬೇಕು, ಯಾಕೆಂದು ಕೇಳಬೇಡ ಎನ್ನುವವರು ಒಂದು ಬಗೆ. ಏನು ಬೇಕಾದರೂ ಮಾಡಿಕೋ ಎಂದು ಬಿಟ್ಟುಬಿಡುವವರು ಇನ್ನೊಂದು. ನಿಯಮ ಇಟ್ಟು, ಅದರ ಕಾರಣ ಹೇಳಿ, ಮಗುವಿನ ಮಾತೂ ಕೇಳುವವರು ಮೂರನೆಯ ಬಗೆ. ಮೂರನೆಯವರ ಮಕ್ಕಳು ಹೆಚ್ಚು ಆತ್ಮವಿಶ್ವಾಸದಿಂದ, ಹೊಣೆಯಿಂದ ಬೆಳೆಯುವುದನ್ನು ಅವರು ಕಂಡರು. ನಮ್ಮ ಓಣಿಗಳಲ್ಲಿ ಇದನ್ನು ಹೇಳಿದರೆ "ಬಿಗಿ ಬಿಟ್ಟರೆ ಹುಡುಗರು ಕೆಡುತ್ತಾರೆ" ಎಂಬ ಉತ್ತರ ಬರುತ್ತದೆ. ಆ ಭಯ ಸುಳ್ಳಲ್ಲ. ಗುಟ್ಕಾ, ಮಟ್ಕಾ, ಮೊಬೈಲಿನ ಜೂಜು ಎಲ್ಲವೂ ಓಣಿಯ ಬಾಯಲ್ಲೇ ಕಾದಿವೆ. ಬಿಗಿ ಬೇಕು. ರಾತ್ರಿ ಎಷ್ಟು ಗಂಟೆಗೆ ಮನೆ ಸೇರಬೇಕು ಎಂಬುದಕ್ಕೆ ನಿಯಮ ಬೇಕು. ಮೂರನೆಯ ಬಗೆಯ ಮನೆಯಲ್ಲೂ ನಿಯಮವಿದೆ, ಅದರ ಜೊತೆಗೆ ಕಿವಿಯೂ ಇದೆ.

ಇದಕ್ಕಿಂತ ನಮಗೆ ಹೆಚ್ಚು ನಾಟಿದ್ದು ಇನ್ನೊಂದು ಅಧ್ಯಯನ. ಸ್ವೀಡನ್ ದೇಶದಲ್ಲಿ ಸ್ಟಾಟಿನ್ ಮತ್ತು ಕೆರ್ ಎಂಬ ಇಬ್ಬರು ಸಂಶೋಧಕರು ಹದಿನಾಲ್ಕು ವರ್ಷದ ಮಕ್ಕಳನ್ನೂ ಅವರ ಹೆತ್ತವರನ್ನೂ ವಿಚಾರಿಸಿ 2000ದಲ್ಲಿ ಪ್ರಕಟಿಸಿದ್ದು. ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಎಂದು ಚೆನ್ನಾಗಿ ತಿಳಿದಿರುವ ಹೆತ್ತವರ ಮಕ್ಕಳು ಅಡ್ಡದಾರಿ ಹಿಡಿಯುವುದು ಕಡಿಮೆ. ಇದು ಮೊದಲೇ ಗೊತ್ತಿದ್ದ ಸಂಗತಿ. ಹಾಗಾದರೆ ಆ ಹೆತ್ತವರಿಗೆ ಅದು ತಿಳಿಯುವುದು ಹೇಗೆ ಎಂದು ಇವರು ಕೇಳಿದರು. ಕಾವಲು ಕಾಯುವುದರಿಂದ, ಪ್ರಶ್ನೆ ಹಾಕುವುದರಿಂದ ತಿಳಿಯುವುದು ಸ್ವಲ್ಪ. ಹೆಚ್ಚಿನದು ಮಗುವೇ ತಾನಾಗಿ ಬಂದು ಹೇಳುವುದರಿಂದ ತಿಳಿಯುತ್ತದೆ. ಬ್ಯಾಗು ಜಾಲಾಡುವ, ಮೊಬೈಲು ಕಿತ್ತು ನೋಡುವ ತಾಯಂದಿರು ಇಲ್ಲಿದ್ದರೆ ಇದನ್ನು ಸ್ವಲ್ಪ ಯೋಚಿಸಿ. ನೋಡಬೇಡಿ ಎನ್ನುವುದಿಲ್ಲ. ಬ್ಯಾಗಿನಲ್ಲಿ ಸಿಗುವುದು ಬ್ಯಾಗಿನಲ್ಲಿ ಇಟ್ಟಷ್ಟೇ.

ಈಗ ದೇವದುರ್ಗದ ಕಡೆ ಹೋಗೋಣ. ನಾವು ಅಲ್ಲಿ ಆರು ವರ್ಷ ಕೆಲಸ ಮಾಡಿದ್ದೇವೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಹೊಲಗಳಿವೆ, ಆದರೆ ಹೊಲವೇ ಇಲ್ಲದ ಮನೆಗಳಿಗೆ ಕಾಲುವೆ ಏನು ಮಾಡೀತು? ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಸೆಂಟ್ರಿಂಗು, ಗಾರೆ, ಇಟ್ಟಂಗಿ ಕೆಲಸ. ಸಣ್ಣವರನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಾರೆ, ಶಾಲೆಗೆ ಹೋಗುವವರನ್ನು ದಾದಿಯ ಹತ್ತಿರ ಬಿಡುತ್ತಾರೆ. ಇನ್ನು ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ಊರಲ್ಲೇ ಇರುವ ಮಕ್ಕಳೂ ತರಗತಿಯಲ್ಲಿ ಕಾಣುವುದಿಲ್ಲ.

ಒಂಬತ್ತನೇ ತರಗತಿಯ ಒಬ್ಬ ಹುಡುಗ ಹಾಗೆ ದಾದಿಯ ಹತ್ತಿರ ಇದ್ದ. ತರಗತಿಯಲ್ಲಿ ಎದುರು ಮಾತು, ಮಧ್ಯಾಹ್ನ ಜಗಳ, ವಾರಕ್ಕೆ ಎರಡು ದಿನ ಗೈರು. ಉಡಾಳ ಎಂದು ಸ್ಟಾಫ್ ರೂಮಿನಲ್ಲಿ ತೀರ್ಪು ಬರೆದಾಗಿತ್ತು. ಒಂದು ಸಂಜೆ ನಾವೇ ಮನೆಗೆ ಹೋದೆವು. ಸೌದೆ ಒಲೆಯ ಮುಂದೆ ಅವನೇ ರೊಟ್ಟಿ ಬಡಿಯುತ್ತಿದ್ದ. ದಾದಿಗೆ ಕಣ್ಣು ಮಂಜು, ಸಕ್ಕರೆ ಕಾಯಿಲೆ. ಗೈರಾದ ದಿನಗಳಲ್ಲಿ ಒಂದು ಆಸ್ಪತ್ರೆಗೆ, ಇನ್ನೊಂದು ರೇಷನ್ನಿಗೆ ಅಥವಾ ಸಂಘದ ಕಂತು ಕಟ್ಟಲಿಕ್ಕೆ. ಹದಿನಾಲ್ಕರ ಹುಡುಗ ಮನೆಯ ಯಜಮಾನಿಕೆ ಮಾಡುತ್ತಿದ್ದ, ನಾವು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು.

ಭಾನುವಾರ ರಾತ್ರಿ ತಂದೆಯ ಫೋನು ಬರುತ್ತಿತ್ತು. ಅವರಿಗೆ ಎರಡೇ ಪ್ರಶ್ನೆ: "ಓದ್ಲಿಕತ್ತಿಯಾ? ರೊಕ್ಕ ಮುಟ್ತಾ?" ಹುಡುಗನಿಗೂ ಎರಡೇ ಉತ್ತರ: "ಹ್ಞೂಂ. ಮುಟ್ತು." ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಆ ತಂದೆಯ ಜೊತೆ ನಾವು ಫೋನಿನಲ್ಲಿ ಮಾತಾಡಿದೆವು. ಉಪದೇಶ ಮಾಡಲಿಲ್ಲ, ಅವರು ದಿನವಿಡೀ ಕಬ್ಬಿಣ ಹೊತ್ತು ದಣಿದವರು. ಒಂದೇ ವಿನಂತಿ ಮಾಡಿದೆವು: ಆ ಎರಡು ಪ್ರಶ್ನೆ ಕೇಳುವ ಮೊದಲು ಇವತ್ತು ಏನು ಉಂಡೆ ಎಂದು ಕೇಳಿ, ನೀವು ಉಂಡದ್ದನ್ನೂ ಹೇಳಿ. ಅವರು ನಕ್ಕರು. ಆದರೆ ಕೇಳಿದರು. ತಿಂಗಳೊಪ್ಪತ್ತಿನಲ್ಲಿ ಫೋನು ಎರಡು ನಿಮಿಷದಿಂದ ಹದಿನೈದು ನಿಮಿಷಕ್ಕೆ ಹೋಯಿತು. ದಾದಿಗೆ ಕಾಲಿಗೆ ಗಾಯವಾಗಿದೆ, ವಾಸಿಯಾಗುತ್ತಿಲ್ಲ ಎಂಬ ಸುದ್ದಿಯನ್ನು ಹುಡುಗ ಆ ಫೋನಿನಲ್ಲೇ ಹೇಳಿದ್ದು. ತಾಯಿ ಊರಿಗೆ ಬಂದರು. ಜಗಳ ಪೂರ್ತಿ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ಕಡಿಮೆಯಾಯಿತು. ದೂರ ಹೋಗಿ ದುಡಿಯುವುದು ತಪ್ಪಲ್ಲ. ಗುಳೆ ಹೋದ ತಂದೆತಾಯಿಯನ್ನು ದೂರುವವರ ಸಾಲಿನಲ್ಲಿ ನಾವಿಲ್ಲ. ಹೊಟ್ಟೆಯ ಮಾತು ಅದು. ಆದರೆ ದೂರದಲ್ಲಿದ್ದೂ ಹತ್ತಿರ ಇರುವವರಿದ್ದಾರೆ, ಒಂದೇ ಚಾಪೆಯ ಮೇಲೆ ಮಲಗಿಯೂ ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದವರೂ ಇದ್ದಾರೆ.

ಅಂಥದೊಂದು ಮನೆ ಮಾನ್ವಿಯಲ್ಲಿ ಕಂಡೆವು. ಗುಳೆಯ ಕಷ್ಟ ಅವರಿಗಿರಲಿಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ, ಭತ್ತದ ವ್ಯಾಪಾರ, ತಕ್ಕ ಮಟ್ಟಿಗೆ ಅನುಕೂಲಸ್ಥರು. ಹುಡುಗಿ ಪಿಯುಸಿ ಮೊದಲ ವರ್ಷ, ನಮ್ಮ ಹಳೆಯ ವಿದ್ಯಾರ್ಥಿನಿ. ತಲೆನೋವು. ಕನ್ನಡಕ ಹಾಕಿಸಿದರು, ಸ್ಕ್ಯಾನ್ ಮಾಡಿಸಿದರು, ಎಲ್ಲವೂ ಸರಿ ಎಂದು ಬಂತು. ತಾವೀಜು ಕಟ್ಟಿಸಿದರು. ತಲೆನೋವು ಹೋಗಲಿಲ್ಲ. ಅವಳ ನಾನಿ ನಮ್ಮ ಹತ್ತಿರ ಕರೆತಂದರು, ಡಾಕ್ಟರಿಗಿಂತ ಟೀಚರಿಗೆ ಹೆಚ್ಚು ತಿಳಿದೀತು ಎಂಬ ಭೋಳೆ ನಂಬಿಕೆಯಿಂದ. ನಾಲ್ಕು ಸಲ ಬಂದ ಮೇಲೆ ಹುಡುಗಿ ಬಾಯಿಬಿಟ್ಟಳು. ತಂದೆತಾಯಿ ಆರು ತಿಂಗಳಿಂದ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು. ಮಾತೆಲ್ಲ ಅವಳ ಮೂಲಕ. "ನಿಮ್ಮ ಅಬ್ಬಾಗೆ ಹೇಳು, ಊಟ ಆರಿಹೋಗುತ್ತದೆ." "ನಿಮ್ಮ ಅಮ್ಮಿಗೆ ಹೇಳು, ಬೇಡ." ಹೀಗೆ ಶುರುವಾಗಿ, ಹೇಳಬಾರದ ಮಾತುಗಳನ್ನೂ ಅವಳೇ ಹೊತ್ತು ತಲುಪಿಸಬೇಕಾಗಿತ್ತು. ಇದರ ನಡುವೆ ಒಬ್ಬರು ಅವಳಿಗೆ ಸಂಬಂಧ ನೋಡುತ್ತಿದ್ದರು, ಇನ್ನೊಬ್ಬರು ಬೇಡವೆನ್ನುತ್ತಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಆಗ ಹದಿನಾರು ವರ್ಷ. ಹದಿನೆಂಟರೊಳಗೆ ಹುಡುಗಿಯ ಮದುವೆ ಮಾಡುವುದು 2006ರ ಕಾಯ್ದೆಯ ಪ್ರಕಾರ ಅಪರಾಧ, ಇದು ಎಲ್ಲರಿಗೂ ಗೊತ್ತಿದೆ, ಗೊತ್ತಿದ್ದೂ ಮಾತು ನಡೆಯುತ್ತದೆ.

ಗಂಡ ಹೆಂಡತಿ ಎಂದ ಮೇಲೆ ಜಗಳ ಇರುವುದೇ. ನಮ್ಮ ಯಜಮಾನರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಅವರನ್ನೇ ಕೇಳಿ. ಆದರೆ ಮಗುವನ್ನು ನಡುವೆ ಅಂಚೆಯವನನ್ನಾಗಿ ಮಾಡಬೇಡಿ. ಯಾರ ಮಾತು ತಲುಪಿಸಿದರೂ ಇನ್ನೊಬ್ಬರಿಗೆ ದ್ರೋಹವಾಗುತ್ತದೆ ಎಂದು ಮಗು ಒಳಗೇ ನುಂಗುತ್ತದೆ. ನುಂಗಿದ್ದು ತಲೆನೋವಾಗಿ, ಹೊಟ್ಟೆನೋವಾಗಿ ಹೊರಗೆ ಬರುತ್ತದೆ. ಅದು ನಾಟಕವಲ್ಲ. ನೋವು ನಿಜವಾಗಿಯೂ ಇರುತ್ತದೆ.

ನಮ್ಮ ಮಕ್ಕಳ ಬಾಯಲ್ಲಿ ಖಿನ್ನತೆ ಎಂಬ ಶಬ್ದ ಬರುವುದಿಲ್ಲ. "ದಿಲ್ ಘಬ್ರಾರಾ" ಎನ್ನುತ್ತಾರೆ, "ಬ್ಯಾಸರಾಗ್ಯಾದ" ಎನ್ನುತ್ತಾರೆ, "ಕುಚ್ ನಕ್ಕೊ" ಎನ್ನುತ್ತಾರೆ. ಗಂಡುಮಕ್ಕಳು ಅದನ್ನೂ ಅನ್ನುವುದಿಲ್ಲ, ಬಾಗಿಲು ಒದೆಯುತ್ತಾರೆ. ಒಂದು ದಿನ ಹಾಗಾದರೆ ಅದು ವಯಸ್ಸು. ಎರಡು ವಾರ, ಮೂರು ವಾರ ಹಾಗೇ ಇದ್ದರೆ, ನಿದ್ದೆ ಕೆಟ್ಟರೆ ಅಥವಾ ಇಡೀ ದಿನ ಮಲಗಿದ್ದರೆ, ಮೊದಲು ಇಷ್ಟಪಡುತ್ತಿದ್ದ ಒಗ್ಗರಣಿ-ಮಿರ್ಚಿಯೂ ಬೇಡವಾದರೆ, ಗೆಳೆಯರನ್ನು ಬಿಟ್ಟರೆ, ಕೈಗೆ ತಾನೇ ಗಾಯ ಮಾಡಿಕೊಂಡರೆ ಅದು ಕಾಯಿಲೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು ಎಂದಾಯಿತು. ನಮ್ಮ ಮೂವತ್ತೆರಡು ವರ್ಷಗಳ ಲೆಕ್ಕದಲ್ಲಿ ಆ ನಾಲ್ವರು ನಾಲ್ವರು ಎಷ್ಟಾದರು, ಅವರಲ್ಲಿ ಎಷ್ಟು ಜನರನ್ನು ಸೋಮಾರಿ ಎಂದು ಬೈದಿದ್ದೇವೆ ಎಂದು ಒಮ್ಮೊಮ್ಮೆ ರಾತ್ರಿ ಲೆಕ್ಕ ಹಾಕುತ್ತೇವೆ.

ದುವಾ ಮಾಡಿಸಿ, ಬೇಡವೆನ್ನುವುದಿಲ್ಲ. ಡಾಕ್ಟರಿಗೂ ತೋರಿಸಿ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಎಂಬ ಸರ್ಕಾರಿ ಕಾರ್ಯಕ್ರಮವಿದೆ, ದೇವದುರ್ಗ, ಮಾನ್ವಿಯವರು ಬಸ್ಸು ಹತ್ತುವ ಮೊದಲು ಯಾವ ವಾರ ಡಾಕ್ಟರು ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಳ್ಳಿ. ಎಲ್ಲಿಗೂ ಹೋಗಲಾಗದವರು 14416ಕ್ಕೆ ಫೋನು ಮಾಡಿ. ಟೆಲಿ-ಮಾನಸ್ ಎಂದು ಹೆಸರು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಮಕ್ಕಳೇ, 1098 ನಿಮ್ಮದೇ ನಂಬರು.

ಒಂದು ಕಷ್ಟದ ಮಾತು ಇದೆ, ಹೇಳದೆ ಹೋದರೆ ನಾವು ಇಲ್ಲಿಗೆ ಬಂದದ್ದು ವ್ಯರ್ಥ. ಫಲಿತಾಂಶದ ದಿನಗಳಲ್ಲಿ ಪೇಪರಿನ ಒಳಪುಟದಲ್ಲಿ ಬರುವ ಸುದ್ದಿ ನಿಮಗೆಲ್ಲ ಗೊತ್ತು. ಮಗು "ನಾನು ಇರಬಾರದು" ಎಂದರೆ, "ಸಾಯಬೇಕು ಅನಿಸ್ತದ" ಎಂದರೆ ಬೈಯಬೇಡಿ, ಪಾಪ ಎಂದು ಹೆದರಿಸಬೇಡಿ, ಒಬ್ಬರನ್ನೇ ಬಿಡಬೇಡಿ. ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಪೊಲೀಸು, ಕೇಸು ಎಂದು ಹೆದರಿ ಆಸ್ಪತ್ರೆಗೆ ಹೋಗದೆ ಮುಚ್ಚಿಡುವವರನ್ನು ಕಂಡಿದ್ದೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿದು ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎನ್ನುತ್ತದೆ. ಪರೀಕ್ಷೆಯ ಮಾತಿಗೆ ಬಂದರೆ, ಮೊದಲೂ ಪೂರಕ ಪರೀಕ್ಷೆ ಇತ್ತು, 2024ರಿಂದ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, ಪರೀಕ್ಷೆ-2 ಎಂದು ಅದೇ ವರ್ಷ ಮತ್ತೆ ಬರೆಯುವ ದಾರಿ ಮಾಡಿದ್ದಾರೆ. ಇದನ್ನು ಫಲಿತಾಂಶ ಬಂದ ಮೇಲಲ್ಲ, ಪರೀಕ್ಷೆಗೆ ಮೊದಲೇ ಮಗುವಿಗೆ ಹೇಳಿ.

ಇನ್ನು ಹೋಲಿಕೆ. "ನಿನ್ನ ಅಕ್ಕನ್ನ ನೋಡಿ ಕಲಿ", "ಫುಫು ಮಗ ನೋಡು, ಎಂಬಿಬಿಎಸ್." ನಾವು ಆಲಿಮಾ ಅಲ್ಲ, ತಪ್ಪಾದರೆ ಇಮಾಮ್ ಸಾಹೇಬರು ತಿದ್ದಬೇಕು. ಬಷೀರ್ ಎಂಬ ಸಹಾಬಿ ತಮ್ಮ ಮಗ ನುಅಮಾನರಿಗೆ ಉಡುಗೊರೆ ಕೊಟ್ಟು, ಪ್ರವಾದಿಯವರು (ಸ) ಅದಕ್ಕೆ ಸಾಕ್ಷಿಯಾಗಲಿ ಎಂದು ಬಂದಾಗ, ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿದ್ದೀರಾ ಎಂದು ಅವರು ವಿಚಾರಿಸಿದ ಹದೀಸ್ ನಮಗೆಲ್ಲ ಗೊತ್ತು. ಆಸ್ತಿ ಹಂಚುವಾಗ ಅದನ್ನು ನೆನೆಯುತ್ತೇವೆ, ಹೊಗಳಿಕೆ ಹಂಚುವಾಗ ಮರೆಯುತ್ತೇವೆ. ಇವತ್ತು ವಿದ್ಯಾರ್ಥಿವೇತನ ಪಡೆದ ಮಗುವಿನ ಮನೆಯಲ್ಲಿ ಪಡೆಯದ ತಮ್ಮನೋ ತಂಗಿಯೋ ಇದ್ದಾರೆ. ಅವರ ಮುಂದೆ ಚೆಕ್ಕನ್ನು ಎಷ್ಟು ಸಲ ಎತ್ತಿ ತೋರಿಸಬೇಕು ಎಂದು ಸ್ವಲ್ಪ ಯೋಚಿಸಿ. ಯೂಸುಫರ (ಅ) ಕಥೆಯನ್ನು ಹೇಳುವಾಗಲೂ ನಾವು ಬಾವಿ, ಮಿಸರ್, ಸೆರೆಮನೆ ಎಂದು ಮುಂದೆ ಓಡುತ್ತೇವೆ. ಆ ಕಥೆ ಶುರುವಾಗುವುದು ಒಬ್ಬ ಹುಡುಗ ತಾನು ಕಂಡ ಕನಸನ್ನು ತಂದೆಗೆ ಬಂದು ಹೇಳುವುದರಿಂದ. ತಂದೆ ನಗಲಿಲ್ಲ, ಕೆಲಸವಿದೆ ಹೋಗು ಎನ್ನಲಿಲ್ಲ. ಪೂರ್ತಿ ಕೇಳಿದರು.

ನಮ್ಮ ಮಗಳು ಮದುವೆಯಾಗಿ ಹೋದ ಮೇಲೆ ಒಮ್ಮೆ ಬಂದಾಗ, ಚಹಾ ಸೋಸುತ್ತ ಹೇಳಿದಳು: "ಅಮ್ಮಿ, ನೀವು ಶಾಲೆಯಲ್ಲಿ ಎಲ್ಲರ ಮಕ್ಕಳ ಮಾತು ಕೇಳ್ತಿದ್ರಿ. ಮನೆಗೆ ಬಂದು ನಮ್ಮ ನೋಟ್‌ಬುಕ್ ನೋಡ್ತಿದ್ರಿ." ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದಳು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಆದ್ದರಿಂದ ಇಲ್ಲಿ ನಿಂತು ಮಾತಾಡುವ ನಮ್ಮನ್ನು ಎಲ್ಲ ಸರಿಯಾಗಿ ಮಾಡಿದ ತಾಯಿ ಎಂದು ಯಾರೂ ತಿಳಿಯಬಾರದು.

ದಾನಿಗಳಿಗೆ ಮತ್ತು ಸಮಿತಿಯವರಿಗೆ ಎರಡು ವಿನಂತಿ ಇವೆ. ಅಂಕ ಕಡಿಮೆಯಾದರೆ ಮುಂದಿನ ವರ್ಷ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂಬ ನಿಯಮ ಅನೇಕ ಸಂಸ್ಥೆಗಳಲ್ಲಿದೆ. ಅದರ ಹಿಂದಿನ ಕಾರಣ ನಮಗೆ ತಿಳಿಯುತ್ತದೆ. ಜಕಾತ್ ಹಣ ಅಮಾನತ್, ಅದು ಪೋಲಾಗಬಾರದು. ಆದರೆ ಮಗುವಿನ ಅಂಕ ಒಮ್ಮೆಲೇ ಕುಸಿಯುವುದು ಹೆಚ್ಚಾಗಿ ಮನೆಯಲ್ಲಿ ಏನೋ ಕುಸಿದ ವರ್ಷ: ತಂದೆಗೆ ಅಪಘಾತ, ತಾಯಿಗೆ ಕಾಯಿಲೆ, ಸಾಲಗಾರರ ಕಾಟ, ಮಾತಿಲ್ಲದ ಮನೆ. ಅದೇ ವರ್ಷ ಹಣವೂ ನಿಂತರೆ, ಎಲ್ಲದಕ್ಕೂ ನಾನೇ ಕಾರಣ ಎಂದು ಮಗು ತೀರ್ಮಾನಿಸುತ್ತದೆ. ನಿಲ್ಲಿಸುವ ಮೊದಲು ಒಬ್ಬರು ಮನೆಗೆ ಹೋಗಿ ಕೇಳಲಿ, ಒಂದು ವರ್ಷ ಕಾಯಲಿ. ಹೋಗಿ ಕೇಳುವ ಕೆಲಸಕ್ಕೆ ನಿವೃತ್ತ ಶಿಕ್ಷಕರು ಸಿಗುತ್ತಾರೆ, ನಮ್ಮಂಥವರಿಗೆ ಬೇರೇನು ಕೆಲಸ. ಎರಡನೆಯದು, ಇವತ್ತು ವೇದಿಕೆಯ ಮೇಲೆ ಮಕ್ಕಳಿಗೆ ಚೆಕ್ಕು ಕೊಡುವಾಗ, ನಾವು ಆ ಹುಡುಗನಿಗೆ ಹೇಳಿದ ಮಾತನ್ನು ಯಾರೂ ಹೇಳಬೇಡಿ. ನಮ್ಮ ಮರ್ಯಾದೆಯನ್ನು ಹದಿನೈದು ವರ್ಷದವರ ಕೈಗೆ ಕೊಡುವುದು ಬೇಡ.

ತಂದೆತಾಯಿಯರೇ, ಮನೆಯಲ್ಲಿ "ಟ್ರಸ್ಟಿನವರ ರೊಕ್ಕ" ಎಂಬ ಮಾತನ್ನು ಮಗುವಿನ ಮುಖಕ್ಕೆ ಎಸೆಯಬೇಡಿ. ಅದು ಸಾಲವಲ್ಲ. ಕೊಟ್ಟವರು ಲೆಕ್ಕ ಕೇಳುವುದು ಸಮಿತಿಯನ್ನು, ಮಗುವನ್ನಲ್ಲ.

ಹೊಸ ವರ್ಷದ ಅರ್ಜಿ ಫಾರಂ ಬಾಗಿಲ ಹತ್ತಿರದ ಟೇಬಲ್ಲಿನ ಮೇಲೆ ಇದೆ, ಕೊನೆಯ ದಿನಾಂಕ ಪ್ರಕಟಣೆಯಲ್ಲಿದೆ. ಫಾರಂನ ಕೊನೆಗೆ ಪೋಷಕರ ಸಹಿಗೆ ಒಂದು ಖಾನೆ ಇದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಸಹಿ ಮಾಡಿ. ಬಾರದವರು ಹೆಬ್ಬೆಟ್ಟು ಒತ್ತಿ, ಸಂಕೋಚ ಬೇಡ. ಹೋದ ವರ್ಷದ ಅಂಕಪಟ್ಟಿ ಲಗತ್ತಿಸಬೇಕು, ಅಂಕ ಎಷ್ಟೇ ಇರಲಿ. ಊಟ ಆದ ಮೇಲೆ ಪಕ್ಕದ ಕೋಣೆಯಲ್ಲಿ ನಾವೂ ಇನ್ನೊಬ್ಬ ಶಿಕ್ಷಕಿಯೂ ನಾಲ್ಕು ಗಂಟೆಯವರೆಗೆ ಕುಳಿತಿರುತ್ತೇವೆ. ತಾಯಂದಿರು ಬರುತ್ತೀರಿ, ಅದು ಗೊತ್ತು. ತಂದೆಯವರೂ ಬನ್ನಿ. ಮಾನ್ವಿ ಕಡೆಯವರು ಮೊದಲು ಬಂದುಬಿಡಿ, ನಿಮ್ಮ ಬಸ್ಸಿಗೆ ಹೊತ್ತಾಗುತ್ತದೆ.